ಮೀನುಪೇಟೆಯಲ್ಲಿ ಸಿಕ್ಕ ಸೀಟು

ಗುಡ್ಡ ಹತ್ತುವುದಕ್ಕೆಂದೇ ಮಾಡಿದ ಆ ಹಳೆಯ ವಿದೇಶಿ ಬೈಕು ನನಗೆ ಸಿಕ್ಕಿದ್ದು ಹಣಕೋಣದ ರೈತರೊಬ್ಬರ ಕೊಟ್ಟಿಗೆಯಲ್ಲಿ. ಬಹಳ ಹಿಂದೆ ಕಾಳಿ ನದಿಯ ಮೇಲ್ಭಾಗಕ್ಕೆ ಸರ್ವೆ ಮಾಡಲು ಬಂದ ತಂಡವೊಂದು ಇಂಥ ಮೂರ್ನಾಲ್ಕು ಬೈಕುಗಳನ್ನು ತಂದಿತ್ತಂತೆ. ಕೆಲಸ ಮುಗಿದ ಮೇಲೆ ಅವು ಒಂದೊಂದು ದಿಕ್ಕಿಗೆ ಮಾರಾಟವಾಗಿ ಹೋದವು. ನಾನು ಮಲ್ಲಾಪುರದಲ್ಲಿ ಮಕ್ಕಳಿಗೆ ಗಣಿತ ಕಲಿಸುವವಳು. ಅಪ್ಪ ಕಾರವಾರದಲ್ಲಿ ಗ್ಯಾರೇಜು ಇಟ್ಟಿದ್ದರಿಂದ ಸ್ಪ್ಯಾನರು ಹಿಡಿಯುವುದು ಚಿಕ್ಕಂದಿನಲ್ಲೇ ಬಂದಿತ್ತು. ಎರಡು ವರ್ಷ ಭಾನುವಾರಗಳನ್ನೆಲ್ಲ ಹಿತ್ತಲಲ್ಲಿ ಕಳೆದು ಎಂಜಿನ್ನು ಬಿಚ್ಚಿ ಕಟ್ಟಿದೆ. ಬೈಕು ಮೊದಲ ಸಲ ಹೊಗೆಯುಗುಳಿ ಸದ್ದು ಮಾಡಿದ ದಿನ ನನ್ನ ಗಂಡ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಿದ್ದರು.

ಎಲ್ಲ ಇತ್ತು, ಕೂರಲು ಸೀಟು ಮಾತ್ರ ಇರಲಿಲ್ಲ. ಸ್ಪಂಜನ್ನು ಇಲಿಗಳು ತಿಂದಿದ್ದವು. ಅದರ ಕೆಳಗಿನ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು, ಕೈಯಲ್ಲಿ ಎತ್ತಿದರೆ ಪುಡಿ ಉದುರುತ್ತಿತ್ತು. ಬೇರೆ ಬೈಕಿನ ಸೀಟು ಇದಕ್ಕೆ ಕೂರುವುದಿಲ್ಲ. ತಗಡಿನ ಮುಂಭಾಗದಲ್ಲಿ ನಾಲಿಗೆಯಂಥ ಪಟ್ಟಿಯೊಂದಿರುತ್ತದೆ. ಅದು ಪೆಟ್ರೋಲ್ ಟ್ಯಾಂಕಿನ ಕೆಳಗಿನ ಕೊಕ್ಕೆಯೊಳಗೆ ಹೋಗಬೇಕು, ಆಮೇಲೆ ಹಿಂದಿನ ಎರಡು ಬೋಲ್ಟು ಸರಿಯಾಗಿ ತೂತಿಗೆ ಬರಬೇಕು. ಇಂಟರ್ನೆಟ್ಟಿನಲ್ಲಿ ಹುಡುಕಿ ಹೊರದೇಶದಿಂದ ಒಂದನ್ನು ತರಿಸಿದೆ. ಮೂರು ತಿಂಗಳು ಕಾದು ಬಿಚ್ಚಿ ನೋಡಿದರೆ ಅದು ಬೇರೆ ಮಾದರಿಯದ್ದು, ನಾಲಿಗೆ ಮೂರು ಬೆರಳು ಅಗಲ ಹೆಚ್ಚು. ಆ ದಿನ ನನಗೆ ಊಟ ಸೇರಲಿಲ್ಲ.

ಕೊನೆಗೆ ತುಕ್ಕು ಹಿಡಿದ ತಗಡನ್ನೇ ಗೋಣಿಚೀಲದಲ್ಲಿ ಸುತ್ತಿಕೊಂಡು, ಕಾರವಾರದಲ್ಲಿ ರಿಕ್ಷಾ, ಬೈಕುಗಳಿಗೆ ಸೀಟು ಹೊಲಿಯುವ ಹಿರಿಯರೊಬ್ಬರ ಬಳಿ ಹೋದೆ. ಅಪ್ಪನ ಕಾಲದಿಂದ ಪರಿಚಯ. ಅವರು ತಗಡನ್ನು ತಿರುಗಿಸಿ, ಮಗುಚಿ, ಕನ್ನಡಕ ತೆಗೆದು ಹಾಕಿ ನೋಡಿದರು. ಇಷ್ಟು ಹಾಳಾದದ್ದರ ಮೇಲೆ ಏನೂ ಕಟ್ಟಲಾಗದು ಎಂದರು. ಆದರೆ ಇಂಥದ್ದೇ ಒಂದು ಸೀಟಿಗೆ ತಾನು ಹಿಂದೆ ಹೊಸ ರೆಕ್ಸಿನ್ ಹಾಕಿದ್ದೇನೆ, ತಂದವಳು ಅಂಕೋಲೆಯಲ್ಲಿ ಮೀನು ಮಾರುವ ಹೆಂಗಸು, ಬೈಕಿಲ್ಲದೆ ಬರೀ ಸೀಟು ಹೊತ್ತು ಬಂದ ಗಿರಾಕಿ ಅವಳೊಬ್ಬಳೇ, ಅದಕ್ಕೇ ನೆನಪಿದೆ ಎಂದು ನಕ್ಕರು.

ಮರುಭಾನುವಾರ ಬೆಳಿಗ್ಗೆ ನಾನು ಅಂಕೋಲೆಯ ಮೀನುಪೇಟೆಯಲ್ಲಿದ್ದೆ. ಎರಡನೇ ಸಾಲಿನಲ್ಲಿ ಬಂಗಡೆ, ಶೆಟ್ಲಿಯೆಂಬ ಸಿಗಡಿ ಹರಡಿಕೊಂಡು, ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು ಮೀನು ಕೊಯ್ಯುತ್ತಿದ್ದ ಅರವತ್ತರ ಹೆಂಗಸು. ಅವಳ ಕೆಳಗೆ ನನ್ನ ಸೀಟು! ಮುಂದಿನ ನಾಲಿಗೆ ಹೊರಚಾಚಿತ್ತು, ನಾಲ್ಕು ಕಬ್ಬಿಣದ ಗಿಡ್ಡ ಕಾಲುಗಳನ್ನು ಬೆಸುಗೆ ಹಾಕಿದ್ದರು. ನಾನು ಮೀನು ನೋಡುವುದು ಬಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅವಳ ಸೀರೆಯಂಚಿನ ಕೆಳಗೆ ಇಣುಕಿದ್ದು ಕಂಡು ಅಕ್ಕಪಕ್ಕದವರು ಮಾರಾಟ ನಿಲ್ಲಿಸಿದರು.

ನಾಚಿಕೊಂಡೇ ವಿಷಯ ಹೇಳಿದೆ. ಅದು ಗುಜರಿಯಲ್ಲಿ ಸಿಕ್ಕಿದ್ದೆಂದೂ, ಗಂಡ ಅದನ್ನು ಕೂರಲೆಂದು ದೋಣಿಯಲ್ಲಿ ಹಾಕಿಕೊಂಡಿದ್ದನೆಂದೂ, ದೋಣಿ ಬದಲಾಯಿಸಿದಾಗ ತಾನು ಇಟ್ಟುಕೊಂಡೆನೆಂದೂ ಅವಳು ಹೇಳಿದಳು. ಕೇಳಿದಷ್ಟು ಹಣ ಕೊಡುತ್ತೇನೆಂದರೂ ಒಪ್ಪಲಿಲ್ಲ.

“ಅಕ್ಕೋರೆ, ನೀವು ಬೈಕಿನ ಮೇಲೆ ಕೂತ್ಕಂಡ್ರೆ ನಾ ಎಂತದ್ರ ಮೇಲೆ ಕೂತ್ಕಳ್ಲಿ?”

ನ್ಯಾಯವಾದ ಪ್ರಶ್ನೆ. ಇದಕ್ಕಿಂತ ಒಳ್ಳೆಯ ಸೀಟು ಮಾಡಿಸಿ ತರುತ್ತೇನೆ, ಕೂತು ನೋಡಿ, ಹಿಡಿಸಿದರೆ ಮಾತ್ರ ಕೊಡಿ ಎಂದೆ. ಕಾರವಾರದ ಹಿರಿಯರು ದಪ್ಪ ಹಲಗೆಯ ಮೇಲೆ ಉತ್ತಮ ಫೋಮ್ ಹಾಕಿ ಚೆಂದದ್ದೊಂದು ಹೊಲಿದುಕೊಟ್ಟರು. ಅವಳು ಕೂತಳು, ಅತ್ತಿತ್ತ ಸರಿದಳು, ಎದ್ದಳು.

“ಮೆತ್ತಗಾಯ್ತು. ಇದ್ರ ಮೇಲೆ ಕೂತ್ರೆ ನಿದ್ದಿ ಬತ್ತದೆ. ಮೀನು ಯಾರು ಮಾರೂದು?”

ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಆಮೇಲೆ ಸ್ಕೇಲು ತೆಗೆದು ಅವಳ ಹಳೆಯ ಸೀಟಿನ ಎತ್ತರ, ಇಳಿಜಾರು, ಮೆಟ್ಟುಗತ್ತಿ ಒತ್ತುವ ಕಾಲಿಗೆ ಬೇಕಾದ ಜಾಗ ಎಲ್ಲವನ್ನೂ ಅಳೆದುಕೊಂಡೆ. ಹಿಂದೆ ಕೂತ ಮುದುಕಿಯೊಬ್ಬಳು ಅಳತೆ ತಪ್ಪದಂತೆ ಕಾವಲು ಕಾದಳು. ಎರಡನೆಯ ಸೀಟಿಗೆ ಗಟ್ಟಿ ಫೋಮ್, ಬಲಬದಿಗೆ ಕಾಲು ಆಡಲೆಂದು ಸ್ವಲ್ಪ ಕಚ್ಚು. ಬಣ್ಣ ಅವಳದೇ ಆಯ್ಕೆ, ಕೆಂಪು. ಈ ಸಲ ಅವಳು ಕೂತು ಒಂದು ಬಂಗಡೆ ಕೊಯ್ದಳು, ಇನ್ನೊಂದು ಕೊಯ್ದಳು, ಆಮೇಲೆ ಕಾಲಿಂದ ಹಳೆಯ ಸೀಟನ್ನು ನನ್ನ ಕಡೆಗೆ ದೂಡಿದಳು. ಬೈಕು ತಯಾರಾದ ಮೇಲೆ ನನ್ನ ಹಿಂದೆ ಮೊದಲು ಕೂರುವವಳು ತಾನೇ ಎಂಬುದೊಂದೇ ಅವಳ ಷರತ್ತು.

ಸೀಟಿನ ಕಬ್ಬಿಣದ ಕಾಲುಗಳನ್ನು ಕತ್ತರಿಸಿ, ಉಪ್ಪು ತೊಳೆದು, ತಗಡನ್ನು ಉಜ್ಜಿ ಬಣ್ಣ ಹೊಡೆದು, ಬೈಕಿನ ಮೇಲಿಟ್ಟು ಮುಂದಕ್ಕೆ ಒತ್ತಿದೆ. ನಾಲಿಗೆ ಕೊಕ್ಕೆಯೊಳಗೆ ಸರಿಯಿತು. ಬೋಲ್ಟು ಎರಡೂ ಬೆರಳಲ್ಲೇ ತಿರುಗಿ ಇಳಿದವು. ಹಿತ್ತಲಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ. ಮೀನುವಾಸನೆ ಮಾತ್ರ ಪೂರ್ತಿ ಹೋಗಿರಲಿಲ್ಲ. ಇರಲಿ ಎಂದುಕೊಂಡೆ.

ಹಿರಿಯರು ಅದೇ ಕೆಂಪು ರೆಕ್ಸಿನ್ ಹೊದಿಸಿಕೊಟ್ಟ ವಾರವೇ ಅಂಕೋಲೆಗೆ ಹೋದೆ. ವ್ಯಾಪಾರ ಮುಗಿಸಿ ಅವಳು ಕಾಯುತ್ತಿದ್ದಳು, ಸೆರಗು ಬಿಗಿದು, ಮುಡಿಗೆ ಅಬ್ಬಲಿಗೆ ಮುಡಿದು. ಹೂವಿನ ಮೇಲೇ ಹೆಲ್ಮೆಟ್ ಹಾಕಿಕೊಂಡಳು. ಅಷ್ಟೆತ್ತರದ ಸೀಟಿಗೆ ಪಕ್ಕದ ಹೆಂಗಸರಿಬ್ಬರು ಅವಳನ್ನು ಎತ್ತಿ ಕೂರಿಸಿದರು. ಬೊಬ್ರುವಾಡದ ಅವಳ ಮನೆವರೆಗೆ ನಿಧಾನವಾಗಿ ಬಿಟ್ಟೆ. ಉಬ್ಬು ಬಂದಾಗಲೆಲ್ಲ ಅವಳು ನನ್ನ ಭುಜ ಹಿಡಿದು ಗಟ್ಟಿಯಾಗಿ ನಗುತ್ತಿದ್ದಳು. ಅಂಗಳ ತಲುಪಿ ನಿಲ್ಲಿಸಿದೆ. ಅವಳು ಇಳಿಯಲಿಲ್ಲ.

“ಪೇಟೆಗೆ ಒಂದ್ ಸಲ ಹೋಗ್ ಬರ್ವ. ಎಲ್ಲಾರೂ ಸಮಾ ನೋಡ್ಲಿಲ್ಲ,” ಎಂದಳು.

ಬೈಕು ತಿರುಗಿಸಿದೆ.