ಗಿರಣಿಯ ಶಾಫ್ಟಿನೊಡನೆ ಅಣ್ಣಿಗೇರಿಗೆ

ಬಿಗಿದದ್ದನ್ನು ಸಡಿಲಿಸುವವನೂ ಸಡಿಲಾದದ್ದನ್ನು ಬಿಗಿಯುವವನೂ ಆದ ಪರಶಿವನಿಗೆ ಮೊದಲು ಶರಣು. ಅವನ ಕೃಪೆಯಿಂದ ಎಂಬತ್ತೇಳರ ಬೇಸಿಗೆಯ ಈ ಪಯಣ ಸಾಂಗವಾಗಿ ನಡೆಯಿತು.

ತಿರ್ಲಾಪುರದ ನಮ್ಮ ಓಣಿಯ ನೀಲವ್ವ ಹಿಟ್ಟಿನ ಗಿರಣಿಯೊಂದನ್ನೇ ನಂಬಿ ಬದುಕಿದ ವಿಧವೆ. ಗಿರಣಿಯ ಕಲ್ಲು ತಿರುಗಿಸುವ ಉಕ್ಕಿನ ಶಾಫ್ಟಿಗೆ ಬೇರಿಂಗು ಎಂಬ ಬಳೆ ಕಚ್ಚಿಕೊಂಡು ಕುಳಿತಿತ್ತು. ಅದು ಗಾಯವಿಲ್ಲದೆ ಕಳಚಿದರೆ ಹಳೆಯ ಶಾಫ್ಟನ್ನೇ ಹೊಸದರಂತೆ ಮಾಡಬಹುದು. ಶಾಫ್ಟು ಸೀಳು ಬಿಟ್ಟರೆ ಗಿರಣಿಯನ್ನೇ ಮಾರಬೇಕು. ಆದ್ದರಿಂದ ಸುತ್ತಿಗೆಯಿಂದ ಬಡಿದು ಬಿಡಿಸುವವರನ್ನು ಆಕೆ ಹತ್ತಿರ ಸೇರಿಸಿರಲಿಲ್ಲ. ಒಂದು ಇಂಜಿನಿಯರಿಂಗ್ ಕಾಲೇಜಿನವರು ಇಂಥದನ್ನೇ ಬಿಡಿಸುವ ಯಂತ್ರದ ಕೈಯನ್ನು ಅಣ್ಣಿಗೇರಿಯ ಶಾಲೆಗೆ ತಂದಿದ್ದಾರೆಂದು ಕೇಳಿ, ಹಿರಿಯನೆಂದು ನನ್ನನ್ನೂ ಹೊರಡಿಸಿದಳು.

ನವಲಗುಂದದವರೆಗೆ ಚಕ್ಕಡಿ, ಅಲ್ಲಿಂದ ಬಸ್ಸು. ಗೋಣಿಚೀಲ ಸುತ್ತಿದ ಶಾಫ್ಟನ್ನು ಕಂಡು ಕಂಡಕ್ಟರು, "ಇದು ಕುಂತು ಬರತೈತೋ, ಮಲಕೊಂಡು ಬರತೈತೋ?" ಎಂದ.

"ಆರಾಮಿಲ್ರಿ ಅದಕ್ಕ. ಮಲಗಲಿ," ಎಂದಳು ನೀಲವ್ವ.

ಅರ್ಧ ಟಿಕೀಟಿಗೆ ಒಪ್ಪಂದವಾಯಿತು. ಕಪ್ಪು ಮಣ್ಣಿನ ಎರಿಹೊಲಗಳ ಬಿಸಿಗಾಳಿಯಲ್ಲಿ ಬುತ್ತಿಯ ಕಟಿರೊಟ್ಟಿ, ಶೇಂಗಾ ಚಟ್ನಿ ಉಂಡೆವು. ಶಾಫ್ಟು ನನ್ನ ಪಾದಗಳ ಮೇಲೆ ಮಲಗಿಯೇ ಬಂದಿತು.

ಶಾಲೆಯ ಅಂಗಳದಲ್ಲಿ ಆ ಕೈಯನ್ನು ಕಂಡೆವು: ಮೂರು ಬೆರಳು, ಮಣಿಕಟ್ಟಿನ ಮೇಲೊಂದು ದುಂಡು ಗಾಜು. ಭಾಗ ಸಿಕ್ಕಿಕೊಂಡರೆ ಇದು ಹಟ ಹಿಡಿಯದು, ಬಿಟ್ಟು, ತುಸು ತಿರುಗಿಸಿ, ಮತ್ತೆ ಮೆಲ್ಲನೆ ಜಗ್ಗುತ್ತದೆ ಎಂದು ತರುಣ ಅಧ್ಯಾಪಕರು ವಿವರಿಸಿದರು. ಅವರು ತಂತಿ ಜೋಡಿಸಲು ಅತ್ತ ಹೋದಾಗ, ಪೂಜೆಯಿಲ್ಲದೆ ಯಾವ ಯಂತ್ರವನ್ನೂ ನಡೆಸದ ನೀಲವ್ವ ಇದರ ಹಣೆ ಯಾವುದೆಂದು ನನ್ನನ್ನು ಕೇಳಿದಳು. ಶಾಸ್ತ್ರದಲ್ಲಿ ಇದಕ್ಕೆ ಪ್ರಮಾಣವಿಲ್ಲ. ಆಲೋಚಿಸಿ ಗಾಜನ್ನು ತೋರಿಸಿದೆ. ಆಕೆ ವಿಭೂತಿಯನ್ನು ಉದಾರವಾಗಿ ಬಳಿದಳು.

ಅಧ್ಯಾಪಕರು ಬಂದು ಶಾಫ್ಟನ್ನು ಕೈಯೆದುರು ಬಿಗಿದು ಗುಂಡಿ ಒತ್ತಿದರು. ಕೈ ಶಾಫ್ಟನ್ನು ಬಿಟ್ಟು ಗಾಳಿಯಲ್ಲಿ ತಡಕಾಡಿ, ಬಾಗಿ ನೋಡುತ್ತಿದ್ದ ಮುಖ್ಯೋಪಾಧ್ಯಾಯರ ತಲೆಯ ರುಮಾಲನ್ನು ಹಿಡಿದು ಜಗ್ಗಿತು. ಅದು ಬಾರದಿರಲು, ಬಿಟ್ಟು, ತುಸು ತಿರುಗಿಸಿ, ಮತ್ತೆ ಮೆಲ್ಲನೆ ಜಗ್ಗಿತು.

ಯಂತ್ರವನ್ನು ನಿಲ್ಲಿಸಿದ ಅಧ್ಯಾಪಕರು, ಇಂದು ಶಾಫ್ಟಿಗೆ ಕೈ ಹಚ್ಚುವುದು ಬೇಡವೆಂದರು. ನೀಲವ್ವನ ಮುಖ ಬಾಡಿತು. ಅಷ್ಟರಲ್ಲಿ ಅವರ ದೃಷ್ಟಿ ಗಾಜಿನತ್ತ ಹೋಯಿತು.

"ಅವ್ವಾರ, ಇದರ ಕಣ್ಣಾಗ ಏನ್ ಹಚ್ಚೀರಿ?"

"ಅಜ್ಜಾರು ಹಣಿ ಅಂದ್ರು ನೋಡ್ರಿ."

ಎಲ್ಲರೂ ನನ್ನನ್ನು ನೋಡಿದರು. ಪರಶಿವನಿಗೆ ಹಣೆಯಲ್ಲಿಯೇ ಕಣ್ಣಿರುವುದನ್ನು ನಾನು ಸಮಾಧಾನದಿಂದ ನೆನಪಿಸಿದೆ.

ನೀಲವ್ವ ಕೂಸಿನ ಕಣ್ಣೊರೆಸುವಂತೆ ಸೆರಗಿನಿಂದ ಗಾಜನ್ನು ಒರೆಸಿದಳು. ಅಧ್ಯಾಪಕರು ಮತ್ತೆ ಗುಂಡಿ ಒತ್ತಿದರು. ಈ ಸಲ ಕೈ ನೇರವಾಗಿ ಬೇರಿಂಗನ್ನು ಹಿಡಿಯಿತು. ಜಗ್ಗಿತು, ಬಿಟ್ಟಿತು, ತಿರುಗಿಸಿತು. ಕೊನೆಗೆ ಬೇರಿಂಗು ಬೆರಳಿನ ಉಂಗುರದಂತೆ ಜಾರಿ ಬಂದಿತು. ನೀಲವ್ವ ಶಾಫ್ಟಿನುದ್ದಕ್ಕೂ ಬೆರಳಾಡಿಸಿ, ಎಲ್ಲಿಯೂ ಗೀರು ಸಿಗದೆ, ಅಲ್ಲಿಯೇ ಕುಳಿತು ಅತ್ತಳು.

ಹೊರಡುವಾಗ ತಿರುಗಿ ನೋಡಿದೆ. ಅಧ್ಯಾಪಕರು ಆ ಗಾಜಿಗೊಂದು ಮುಚ್ಚಳ ಹುಡುಕುತ್ತಿದ್ದರು. ಬಿಡಿಸಿದ ಕೈಗೂ ಅದನ್ನು ಕಟ್ಟಿದವರಿಗೂ ರುಮಾಲು ಉಳಿಸಿಕೊಂಡ ಗುರುಗಳಿಗೂ ಶಿವನು ದೀರ್ಘಾಯುಷ್ಯ ನೀಡಲಿ. ನೀಲವ್ವನ ಗಿರಣಿಯ ಹಿಟ್ಟು ತಿರ್ಲಾಪುರದ ಯಾವ ಒಲೆಗೂ ತಪ್ಪದಿರಲಿ.