ಬೋಳು ಬೆನ್ನಿಗೆ ಬೇಯಿಸಿದ ಮೀನು

ನನ್ನ ಗೆಳೆಯ ಕ್ಷೌರಿಕ ಕಳೆದ ಗುರುವಾರ ಮಧ್ಯಾಹ್ನ ತೀರಿಕೊಂಡ. ಹೃದಯ ನಿಂತಿತು ಎಂದರು.

ಅವನ ಕ್ಷೌರದಂಗಡಿಯ ಪಕ್ಕದ ಗಡಿಯಾರ ರಿಪೇರಿ ಅಂಗಡಿ ನನ್ನದು. ಅವನು ಮದುವೆಯಾಗಲಿಲ್ಲ; ಸಾಕಿ ಬೆಳೆಸಿದ ಅಕ್ಕನೇ ಅವನ ಸಂಸಾರ. ಅಕ್ಕ ಹಾಸಿಗೆ ಹಿಡಿದ ಮೇಲೆ, ಸದಾ ಅವಳ ಕಾಲ ಬಳಿ ಮಲಗುತ್ತಿದ್ದ ಕಂದು ನಾಯಿಗೆ ತುರಿಕೆ ಹತ್ತಿತು. ಬೆನ್ನಿನ ಕೂದಲು ಉದುರಿ ಚರ್ಮ ಕೆಂಪಾಗಿ ಹುಣ್ಣಾಯಿತು. ಗಾಯ ಮಾಯುವವರೆಗೆ ನಾಯಿ ಕೋಣೆಯೊಳಗೆ ಬರಕೂಡದು ಎಂದಳು ಮನೆಗೆ ಬರುತ್ತಿದ್ದ ನರ್ಸ್. ಅಂದಿನಿಂದ ಅಕ್ಕ ಗೋಡೆಯ ಕಡೆ ಮುಖ ಮಾಡಿದಳು. ದಿನಕ್ಕೊಂದೇ ಮಾತು: "ಯಾವಾಗ ಕರ್ಕೊಂಡು ಬರ್ತೀಯೋ ಅದನ್ನ?"

ತಿನ್ನುವುದರಲ್ಲಿ ಏನೋ ಒಗ್ಗುತ್ತಿಲ್ಲ ಎಂದರು ಪಶುವೈದ್ಯೆ. ಎರಡು ತಿಂಗಳ ಕಾಲ ಅದಕ್ಕೆ ಬೇಯಿಸಿದ ಮೀನು, ಆಲೂಗಡ್ಡೆ, ಅಷ್ಟೇ. ಮೀನಿನ ಕೊಬ್ಬು ಚರ್ಮಕ್ಕೂ ಒಳ್ಳೆಯದು. ಬೇರೇನಾದರೂ ಬಾಯಿಗೆ ಬಿದ್ದರೆ ಮತ್ತೆ ಮೊದಲಿನಿಂದ.

ನಾಯಿಯನ್ನು ಅಂಗಡಿಗೇ ತಂದ. ಗಿರಾಕಿಗಳ ನಡುವೆ ಕೈ ತೊಳೆದು, ಡಬ್ಬಿ ಬಿಚ್ಚಿ, ಕನ್ನಡಿಯ ದೀಪದಡಿ ಮುಳ್ಳು ಬಿಡಿಸುತ್ತಿದ್ದ. ಪೌಡರಿನ ವಾಸನೆಯನ್ನು ಮೀನು ನುಂಗಿಹಾಕಿತು.

"ಊರವರ ತಲೆಯೆಲ್ಲ ಓರಣ, ನಿನ್ನ ನಾಯಿ ಮಾತ್ರ ಬೋಳು!" ಎಂದು ನಿವೃತ್ತ ಪೋಸ್ಟ್‌ಮ್ಯಾನ್ ಕೆಣಕುತ್ತಿದ್ದರು.

"ನಿಮ್ಮನ್ನ ನೋಡೇ ಕಲಿತಿದ್ದು ಅಣ್ಣಾ."

ಅವರಿಗೂ ನಗು. ಅವರ ತಲೆಯಲ್ಲಿ ಕತ್ತರಿಗೆ ಕೆಲಸವೇ ಇರಲಿಲ್ಲ; ಬರುತ್ತಿದ್ದುದು ಹರಟೆಗೆ.

ಬೆನ್ನ ಮೇಲೆ ನವಿರಾದ ಕೂದಲು ಮೂಡಿತು. ನನ್ನ ಬೆರಳು ಹಿಡಿದು ಸವರಿಸಿ, "ಇನ್ನೆರಡು ವಾರ ಕಣೋ" ಎಂದ. ಅಷ್ಟರಲ್ಲೇ ಚರ್ಮ ಮತ್ತೆ ಕೆಂಪಾಯಿತು. ಬೆಂಚಿನ ಕೆಳಗೆ ಇಳಿಬಿಟ್ಟ ಪೋಸ್ಟ್‌ಮ್ಯಾನರ ಕೈಯಲ್ಲಿ ಬಿಸ್ಕತ್ತು ಕಂಡದ್ದು ಆಮೇಲೆ.

"ಪಾಪ, ಬರೀ ಮೀನು ತಿಂದು ಬಾಯಿ ಕೆಟ್ಟಿರುತ್ತೆ ಅಂತ... ಒಂದು ಚೂರಲ್ವೇನೋ?"

"ಆ ಚೂರಲ್ಲಿ ನಮ್ಮಕ್ಕ ಇದಾಳೆ ಅಣ್ಣಾ."

ಬೈಯಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದ. ಅದು ಮುಗಿಯುವ ಮೊದಲೇ ಅಕ್ಕ ಹೋದಳು, ನಾಯಿಯನ್ನು ಕಾಣದೆ.

ಮರುದಿನವೂ ಒಲೆ ಹಚ್ಚಿ ಮೀನು ಬೇಯಿಸುತ್ತಿದ್ದ. "ಇನ್ಯಾರಿಗೋ ಇದೆಲ್ಲ?" ಎಂದೆ.

"ಅವಳು ಹೋದಳು ಅಂತ ಇದಕ್ಕೆ ತುರಿಕೆ ನಿಲ್ಲುತ್ತೇನೋ?"

ಆದರೆ ನಾಯಿ ತಿನ್ನುವುದನ್ನೇ ಬಿಟ್ಟಿತು. ಅದರ ಜೊತೆ ಇವನೂ ಬಿಟ್ಟ. ನಾನು ತಂದ ಊಟ ಮುಚ್ಚಿದ ಹಾಗೇ ಇರುತ್ತಿತ್ತು. ಅರ್ಧ ಕ್ಷೌರಕ್ಕೇ ಕತ್ತರಿ ಕೆಳಗಿಟ್ಟು ಕುಳಿತುಬಿಡುತ್ತಿದ್ದ. ಗಿರಾಕಿಗಳು ಬೇರೆ ಕಡೆ ಹೋದರು.

ಆ ಗುರುವಾರ ಬೆಳಿಗ್ಗೆ ನಾನು ಅವನ ಅಂಗಡಿಯೊಳಗೆ ಹೋದಾಗ ಅವನು ಅಕ್ಕನ ಹಳೆಯ ಸ್ವೆಟರ್ ತೊಟ್ಟು ನೆಲದ ಮೇಲೆ ಕುಳಿತಿದ್ದ. ಅದರ ತೋಳು ಮಣಿಕಟ್ಟಿನವರೆಗೂ ಬರುತ್ತಿರಲಿಲ್ಲ. ಮುಳ್ಳು ತೆಗೆದ ಮೀನನ್ನು ಅಂಗೈಯಲ್ಲಿಟ್ಟು ಚಾಚಿದ. ನಾಯಿ ಸ್ವೆಟರನ್ನು ಬಹಳ ಹೊತ್ತು ಮೂಸಿತು, ಮೀನನ್ನು ಮೂಸಲಿಲ್ಲ, ತಲೆ ಕೆಳಗಿಟ್ಟಿತು. ಅವನು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.