ಅಪ್ಪ ನೋಡದ ಗೋಲುಗಳು

ನಾನು ಫುಟ್ಬಾಲ್ ಆಡಿ ಹೊಟ್ಟೆ ಹೊರೆದವಳು. ಸ್ಟ್ರೈಕರ್. ಅಂದರೆ ಗೋಲು ಹೊಡೆಯುವುದೇ ಕೆಲಸ. ಹೊಡೆದರೆ ಹೆಗಲ ಮೇಲೆ ಹೊತ್ತುಕೊಳ್ಳುತ್ತಾರೆ, ಹೊಡೆಯದಿದ್ದರೆ ಬೆಂಚಿನ ಮೇಲೆ ಕೂರಿಸುತ್ತಾರೆ. ಇಷ್ಟನ್ನು ನಮ್ಮ ಹೊಸನಗರದವರಿಗೆ ಅರ್ಥ ಮಾಡಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆಂಗಳೂರಿನ ಕ್ಲಬ್ಬಿಗೆ ಸೇರಿ ಸಂಬಳ ತೆಗೆದುಕೊಳ್ಳಲು ಶುರುಮಾಡಿದ ಮೇಲೂ, ರಜೆಗೆ ಬಂದಾಗ ಯಾರಾದರೊಬ್ಬರು, ಆಟ ಇರಲಿ, ಕೆಲಸ ಎಂತ ಮಾಡ್ತಿದ್ದೀಯ ಎಂದು ಕೇಳಿಯೇ ಕೇಳುತ್ತಿದ್ದರು. ಪಕ್ಕದಲ್ಲಿದ್ದವರು, ವಾಲಿಬಾಲ್ ಆಡ್ತಾಳೆ, ಸ್ಟೇಟಿಗೆ ಹೋಗಿದಾಳೆ ಎಂದು ನನ್ನ ಪರವಾಗಿ ಉತ್ತರ ಕೊಡುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ವಾಲಿಬಾಲೇ ಇರಲಿ ಮಾರಾಯ್ರೇ ಎಂದು ಬಿಟ್ಟುಬಿಟ್ಟೆ.

ಊರವರು ಏನೆಂದುಕೊಂಡರೂ ನನಗೆ ಬೇಜಾರಿರಲಿಲ್ಲ. ನನಗಿದ್ದದ್ದು ಒಂದೇ ಕೊರಗು. ನಾನು ಹೊಡೆದ ಒಂದು ಗೋಲನ್ನೂ ಅಪ್ಪ ನೋಡಿರಲಿಲ್ಲ. ನೋಡಲು ಆಗಲಿಲ್ಲ ಎಂದಲ್ಲ, ನೋಡುವುದೇ ಇಲ್ಲ ಎಂದು ಹಠ ಹಿಡಿದು ಕೂತಿದ್ದ.

ಅಪ್ಪ ಖಾಸಗಿ ಬಸ್ಸಿನ ಡ್ರೈವರ್. ಸಾಗರದಿಂದ ಹೊರಟು ಹೊಸನಗರದ ಮೇಲೆ ತೀರ್ಥಹಳ್ಳಿ ಮುಟ್ಟಿಸುವುದು, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಸಂಜೆಯ ಟ್ರಿಪ್ಪಿಗೆ ಹೊಸನಗರದಲ್ಲಿ ಒಂದು ಚಾ ಕುಡಿಯುವಷ್ಟು ಹೊತ್ತು ನಿಲ್ಲಿಸುತ್ತಿದ್ದ. ನಿಲ್ಲಿಸುವ ಜಾಗ ನಮ್ಮ ಹೈಸ್ಕೂಲು ಮೈದಾನದ ಬೇಲಿಗೆ ತಾಗಿಕೊಂಡೇ ಇತ್ತು. ನಾವು ಹುಡುಗಿಯರು ಆಡುತ್ತಿದ್ದದ್ದೂ ಅದೇ ಹೊತ್ತಿನಲ್ಲಿ. ನಾವು ಫುಟ್ಬಾಲ್ ಆಡಲು ಶುರುಮಾಡಿದ್ದರ ಹಿಂದೆ ದೊಡ್ಡ ಕನಸು ಗಿನಸು ಏನೂ ಇರಲಿಲ್ಲ. ವಾಲಿಬಾಲ್ ನೆಟ್ಟು ಹರಿದುಹೋಗಿತ್ತು, ಹೊಸದು ಬರುವ ಲಕ್ಷಣ ಕಾಣಲಿಲ್ಲ, ಪಿಟಿ ಮೇಷ್ಟ್ರು ಸ್ಟೋರ್ ರೂಮಿನಿಂದ ಒಂದು ಫುಟ್ಬಾಲ್ ಹುಡುಕಿ ತಂದು ಗಾಳಿ ಹೊಡೆದರು. ಅಷ್ಟೆ. ನನ್ನನ್ನು ಸ್ಟ್ರೈಕರ್ ಮಾಡಿದ್ದೂ ಅವರೇ. ಚೆಂಡು ಹೋದ ಮೇಲೆ ಹಿಂದಕ್ಕೆ ಓಡಿ ಬರುವುದೆಂದರೆ ನನಗಾಗದು. ನೀನು ಹೇಗೂ ವಾಪಸ್ ಬರೋದಿಲ್ಲ, ಅಲ್ಲೇ ಮುಂದೆ ನಿಂತಿರು ಎಂದು ಬೈದು ಹೇಳಿದ ಮಾತೇ ನನಗೆ ಮುಂದೆ ಉದ್ಯೋಗವಾಯಿತು.

ಅಪ್ಪನ ಹಠ ಶುರುವಾದದ್ದು ನಮ್ಮ ಮೊದಲನೇ ಮ್ಯಾಚಿನ ದಿನ. ಸಾಗರದ ಒಂದು ಶಾಲೆಯ ಹುಡುಗಿಯರು ಆಡಲು ಬಂದಿದ್ದರು. ಅಪ್ಪ ಬಸ್ಸಿನಿಂದ ಇಳಿದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಮೈದಾನದ ಗೆರೆಯ ಪಕ್ಕದಲ್ಲೇ ಬಂದು ನಿಂತ. ಆಗ ಸರಿಯಾಗಿ ಚೆಂಡು ನನ್ನ ಕಾಲಿಗೆ ಬಂತು. ಎದುರಿಗೆ ಗೋಲು ಖಾಲಿ, ಕೀಪರ್ ಜಾರಿ ಬಿದ್ದು ಕೆಸರಿನಲ್ಲಿ ಹೊರಳಾಡುತ್ತಿದ್ದಳು. ಕಣ್ಣು ಮುಚ್ಚಿ ಒದ್ದಿದ್ದರೂ ಗೋಲಾಗುತ್ತಿತ್ತು. ನಾನು ಅಪ್ಪನ ಕಡೆ ಒಂದು ಸಲ ನೋಡಿ, ಜಂಬದಿಂದ ಒದ್ದೆ. ಚೆಂಡು ಕಂಬದ ಮೇಲೆ ಹಾರಿ, ಬೇಲಿ ದಾಟಿ, ಮೀನು ಮಾರುವವಳ ಬುಟ್ಟಿಯಲ್ಲಿ ಬಿತ್ತು. ಬಂಗುಡೆ ಎಲ್ಲ ಚೆಲ್ಲಿಹೋಗಿ, ಅವಳು ನನ್ನ ಏಳು ತಲೆಮಾರನ್ನೂ ಜಾಲಾಡಿಬಿಟ್ಟಳು. ಅಪ್ಪ ಬಸ್ಸಿಗೆ ವಾಪಸ್ಸು ಹೋದ. ಅವನು ಬಸ್ಸು ಹತ್ತಿ ಹೊರಟದ್ದೇ ತಡ, ನಾನು ಗೋಲು ಹೊಡೆದೆ.

ಇದು ಒಂದು ಸಲ ಆಗಿದ್ದರೆ ಮರೆತುಹೋಗುತ್ತಿತ್ತು. ಮುಂದಿನ ಮ್ಯಾಚಿನಲ್ಲೂ ಹಾಗೇ ಆಯಿತು. ಅಪ್ಪ ಇದ್ದಷ್ಟು ಹೊತ್ತು ನನ್ನ ಕಾಲಿಗೆ ಏನೋ ಆದ ಹಾಗೆ, ಅಪ್ಪ ಹೋದ ಮೇಲೆ ಗೋಲು. ಬಸ್ಸಿನ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟದೆ ಕೀಲಿ ತಿರುಗಿಸದ ಮನುಷ್ಯನಿಗೆ ಇನ್ನೇನು ಸಾಕ್ಷಿ ಬೇಕು? ಆ ರಾತ್ರಿ ಊಟಕ್ಕೆ ಕೂತಾಗ ತೀರ್ಪು ಕೊಟ್ಟೇಬಿಟ್ಟ.

“ನನ್ನ ಕಣ್ಣೇ ಸರಿ ಇಲ್ಲ ಪುಟ್ಟಿ. ನಾನು ನೋಡಿದ್ರೆ ನಿಂಗೆ ಗೋಲ್ ಆಗಲ್ಲ. ಇನ್ ಮೇಲೆ ನೋಡಲ್ಲ.”

ಅಮ್ಮ ನಕ್ಕಳು, ನಾನೂ ನಕ್ಕೆ. ಆದರೆ ಅಪ್ಪ ನಗಲಿಲ್ಲ.

ಮರುದಿನದಿಂದಲೇ ಬಸ್ಸು ನಿಲ್ಲುವ ರೀತಿ ಬದಲಾಯಿತು. ಉಳಿದ ಬಸ್ಸುಗಳೆಲ್ಲ ಮೈದಾನದ ಕಡೆ ಮೂತಿ ಮಾಡಿ ನಿಲ್ಲುತ್ತಿದ್ದವು. ಅಪ್ಪನ ಬಸ್ಸು ಮಾತ್ರ ಹಿಂದೆ ಹಿಂದೆ ಬಂದು, ಬೇಲಿಗೆ ಬೆನ್ನು ಹಾಕಿ ನಿಲ್ಲುತ್ತಿತ್ತು. ಕಂಡಕ್ಟರಿಗೆ ಇದೊಂದು ದೊಡ್ಡ ತಲೆನೋವು. ನಮ್ಮ ಕಡೆ ಖಾಸಗಿ ಬಸ್ಸಿನವರಿಗೆ ಟೈಮಿಂಗ್ ಅಂದರೆ ಪ್ರಾಣ. ಸ್ವಲ್ಪ ತಡವಾದರೆ ಹಿಂದಿನ ಬಸ್ಸಿನವನು ಬಂದು ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ಅಂಥದ್ದರಲ್ಲಿ ಇಳಿದು, ಬರ್ಲಿ ಬರ್ಲಿ ಎಂದು ಸೀಟಿ ಊದುತ್ತಾ ಬಸ್ಸು ಹಿಂದೆ ತೆಗೆಸುವ ಕರ್ಮ ಯಾಕೆ ಎಂದು ಅವನು ದಿನಾ ಗೊಣಗುತ್ತಿದ್ದ. ಹೊರಡುವಾಗ ಸಲೀಸು ಎಂದು ಅಪ್ಪ ಹೇಳುತ್ತಿದ್ದ. ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ನೋಡದಿದ್ದರೆ ಬೇಡ, ಹೀಗೆ ಬೆನ್ನು ತಿರುಗಿಸಿಕೊಂಡು ಕೂರಬೇಕಾ?

ಮೈದಾನದಿಂದ ನನಗೆ ಕಾಣುತ್ತಿದ್ದದ್ದು ಅಪ್ಪನ ಒಂದು ಕೈ ಮಾತ್ರ. ಮಳೆಗಾಲದಲ್ಲಿ ಡ್ರೈವರ್ ಕಿಟಕಿಯಿಂದ ಆ ಕೈ ಟವೆಲ್ ಹಿಡಿದು ಹೊರಗೆ ಬಂದು, ಕನ್ನಡಿ ಒರೆಸಿ ಒಳಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ನಿಂತ ಬಸ್ಸಿನ ಕನ್ನಡಿ ಯಾಕೆ ಒರೆಸುತ್ತಾನೆ ಎಂದು ನಾನು ಯೋಚಿಸಿದವಳೇ ಅಲ್ಲ. ಅಪ್ಪನಿಗೆ ಬಸ್ಸೆಂದರೆ ದೇವರು, ಒರೆಸಲಿ ಎಂದುಕೊಂಡಿದ್ದೆ. ಮ್ಯಾಚಿನ ನಡುವೆ ಆ ಕೈ ಕಂಡರೆ ನನಗೇನೋ ಧೈರ್ಯ ಬರುತ್ತಿದ್ದದ್ದಂತೂ ನಿಜ.

ಇನ್ನೊಂದು ವಿಚಿತ್ರವೆಂದರೆ, ನೋಡದ ಆಟದ ಬಗ್ಗೆ ಅಪ್ಪ ದಾರಿಯುದ್ದಕ್ಕೂ ಕೊಚ್ಚಿಕೊಳ್ಳುತ್ತಿದ್ದ. ಗೇರು ಹಾಕುತ್ತಾ ಹಾಕುತ್ತಾ, ಮುಂದಿನ ಸೀಟಿನಲ್ಲಿ ಕೂತವರಿಗೆಲ್ಲ ನನ್ನ ವರದಿ. ಹಾಗೆ ಓಡ್ತಾಳೆ, ಹೀಗೆ ತಿರುಗ್ತಾಳೆ. ಕೊನೆಗೆ ಒಂದು ಮಾತು ಇದ್ದೇ ಇರುತ್ತಿತ್ತು: ನಮ್ಮ ಹುಡುಗಿಯದ್ದು ಎಡಗಾಲು, ಎಡಗಾಲಲ್ಲಿ ಒದ್ದಳು ಅಂದ್ರೆ ಮುಗೀತು.

ನನ್ನದು ಬಲಗಾಲು. ಎಡಗಾಲು ನನಗೆ ಇರುವುದು ನಿಲ್ಲುವುದಕ್ಕೆ ಮಾತ್ರ. ಅದರಲ್ಲಿ ಒದ್ದರೆ ಚೆಂಡು ಯಾವ ದಿಕ್ಕಿಗೆ ಹೋಗುತ್ತದೆಂದು ನನಗೂ ಗೊತ್ತಿರುವುದಿಲ್ಲ. ಬಸ್ಸಿನಲ್ಲಿ ಓಡಾಡುವವರು ಬಂದು, ಎಡಗಾಲಿನ ಹುಡುಗಿ ನೀನೇ ಅಲ್ದಾ ಎಂದು ಕೇಳಿದಾಗ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಒಂದು ದಿನ ತಡೆಯಲಾರದೆ ಅಪ್ಪನ ಎದುರಿಗೇ ಕೂಗಾಡಿದೆ. ಬಲಗಾಲಪ್ಪಾ, ಬಲಗಾಲು, ಗೊತ್ತಿಲ್ಲದಿದ್ರೆ ಸುಮ್ನಿರು ಎಂದೆ.

ಅಪ್ಪ ಬೀಡಿಯ ಬೂದಿ ಕೊಡವಿ, “ಓಡೋ ಭರದಲ್ಲಿ ಯಾವ ಕಾಲು ಅಂತ ನಿಂಗೆ ಹೆಂಗೆ ಗೊತ್ತಾಗ್ತದೆ ಮಾರಾಯ್ತಿ?” ಅಂದ.

ಇಂಥವನ ಹತ್ತಿರ ಏನು ವಾದ ಮಾಡುವುದು? ಮುಂದೆ ನನ್ನ ಮ್ಯಾಚುಗಳು ಮೊಬೈಲಿನಲ್ಲಿ ಬರತೊಡಗಿದವು. ಅಮ್ಮ ಕನ್ನಡಕ ಹಾಕಿಕೊಂಡು ನೋಡುತ್ತಿದ್ದಳು. ಅಪ್ಪ ಅದನ್ನೂ ನೋಡುತ್ತಿರಲಿಲ್ಲ, ಕಣ್ಣು ಎಲ್ಲಿಂದ ಬಿದ್ದರೂ ಕಣ್ಣೇ ಎಂಬುದು ಅವನ ವಾದ. ಬಲಗಾಲಲ್ಲೇ ಹೊಡೀತಾಳಲ್ರೀ ಎಂದು ಅಮ್ಮ ಹೇಳಿದರೆ, ಮೊಬೈಲಲ್ಲಿ ಎಲ್ಲ ಉಲ್ಟಾ ಕಾಣ್ತದೆ ಎಂದು ತಳ್ಳಿಹಾಕಿದನಂತೆ.

ಬೆಂಗಳೂರಿನ ದಿನಗಳು ಒಳ್ಳೆಯವೇ. ಮೊದಲ ವಾರಗಳು ಮಾತ್ರ ಪೇಚಾಟ. ನಾನು ಕಲಿತದ್ದು ನೀರು ನಿಂತ ಮೈದಾನದಲ್ಲಿ. ಅಲ್ಲಿ ನೆಲಕ್ಕೆ ಬಿದ್ದ ಚೆಂಡು ಬಿದ್ದಲ್ಲೇ ಕೂರುತ್ತದೆ, ಆದ್ದರಿಂದ ಗಾಳಿಯಲ್ಲಿ ಇರುವಾಗಲೇ ಒದೆಯಬೇಕು. ಇಲ್ಲಿ ಒಣನೆಲ, ಮುಟ್ಟಿದರೆ ಚೆಂಡು ಓಡಿಯೇ ಹೋಗುತ್ತಿತ್ತು. ಹಗ್ಗ ಬಿಚ್ಚಿಕೊಂಡ ಕರುವನ್ನು ಅಟ್ಟುವವಳ ಹಾಗೆ ನಾನು ಅದರ ಹಿಂದೆ ಓಡುತ್ತಿದ್ದೆ. ಆದರೆ ಗಾಳಿಯಲ್ಲಿ ಬಂದ ಚೆಂಡು ನನ್ನದೇ. ಉಳಿದವರು ಎದೆಯಲ್ಲಿ ತಡೆದು, ನೆಲಕ್ಕಿಳಿಸಿ, ನೋಡಿ ಒದೆಯುವಷ್ಟರಲ್ಲಿ ನಾನು ಒದ್ದಾಗಿರುತ್ತಿತ್ತು. ನಿನಗೆ ಇದನ್ನು ಯಾರು ಕಲಿಸಿದರು ಎಂದು ಕೋಚ್ ಕೇಳಿದ್ದಕ್ಕೆ, ಮಳೆ ಎಂದೆ. ತಮಾಷೆ ಮಾಡುತ್ತಿದ್ದೇನೆಂದು ಸಿಟ್ಟಾದರು.

ಒಂದು ಮ್ಯಾಚನ್ನಂತೂ ಮರೆಯುವ ಹಾಗೇ ಇಲ್ಲ. ಎದುರಾಳಿ ತಂಡದ ಡಿಫೆಂಡರ್ ಒಬ್ಬಳು ನನ್ನನ್ನು ಕಾಯಲು ನಿಂತವಳು, ಶುರುವಿನಿಂದ ಕೊನೆಯವರೆಗೂ ನನ್ನ ಎಡಗಡೆಗೇ ಅಂಟಿಕೊಂಡಿದ್ದಳು. ಬಲಗಡೆ ಬಾಗಿಲು ತೆರೆದಿಟ್ಟ ಹಾಗೆ. ನಾನು ಬಲಗಾಲಲ್ಲಿ ಒಂದು ಹೊಡೆದೆ, ಆಮೇಲೆ ಇನ್ನೊಂದು ಹೊಡೆದೆ. ಆಟ ಮುಗಿದ ಮೇಲೆ ಅಳುಮೋರೆ ಮಾಡಿಕೊಂಡು ಬಂದಳು. ಅವಳ ಊರು ತೀರ್ಥಹಳ್ಳಿಯ ಹತ್ತಿರ ಮೇಳಿಗೆಯಂತೆ. ಹಿಂದಿನ ವಾರ ಊರಿಗೆ ಹೋದವಳು ಅಪ್ಪನ ಬಸ್ಸಿನಲ್ಲೇ ಮುಂದಿನ ಸೀಟಿನಲ್ಲಿ ಕೂತಿದ್ದಳಂತೆ.

“ನಿಮ್ಮಪ್ಪನೇ ಹೇಳಿದ್ದು ಅಕ್ಕ, ಎಡಗಾಲು ಅಂತ,” ಅಂದಳು.

ನಾನು ನಕ್ಕು ನಕ್ಕು ಹುಲ್ಲಿನ ಮೇಲೆ ಬಿದ್ದುಕೊಂಡೆ. ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇದನ್ನು ಹೇಳಬೇಕೆಂದಿದ್ದೆ. ಯಾಕೋ ಮಾಡಲಿಲ್ಲ. ಜೊತೆಯವರ ಅಪ್ಪಂದಿರೆಲ್ಲ ಗ್ಯಾಲರಿಯಲ್ಲಿ ಕೂತಿದ್ದು ನೋಡಿ ಬಂದಿದ್ದೆ.

ಸ್ಟ್ರೈಕರ್‌ಗಳಿಗೆ ಆಯಸ್ಸು ಕಡಿಮೆ. ಮಂಡಿ ನನಗಿಂತ ಮೊದಲು ಸುಸ್ತಾಯಿತು. ಕ್ಲಬ್ಬಿನವರು ಒಳ್ಳೆಯ ಮಾತಿನಲ್ಲೇ ಬೀಳ್ಕೊಟ್ಟರು. ಹೊಸನಗರಕ್ಕೆ ಬಂದು ನನ್ನದೇ ಶಾಲೆಯ ಹುಡುಗಿಯರಿಗೆ ಆಟ ಕಲಿಸತೊಡಗಿದೆ. ಪಿಟಿ ಮೇಷ್ಟ್ರು ನಿವೃತ್ತರಾಗಿದ್ದರೂ ಸೀಟಿ ಕೆಳಗಿಟ್ಟಿರಲಿಲ್ಲ. ನೀನು ಸುಮ್ಮನೆ ಹಾಗೇ ನಿಲ್ಲಿಸುವುದು ಬೇಡ, ನಮ್ಮ ಮೈದಾನದಲ್ಲೇ ಒಂದು ಕೊನೆಯ ಮ್ಯಾಚು ಆಡು ಎಂದು ಅವರೇ ಹಠ ಮಾಡಿ ಏರ್ಪಾಡು ಮಾಡಿದರು. ಹಳೇ ವಿದ್ಯಾರ್ಥಿನಿಯರು ಒಂದು ಕಡೆ, ಈಗಿನ ಹುಡುಗಿಯರು ಒಂದು ಕಡೆ.

ಹಿಂದಿನ ದಿನ ಅಪ್ಪನ ಹತ್ತಿರ ಕೂತು ಹೇಳಿದೆ. ನಾಳೆ ಒಂದು ದಿನ ಇಳಿದು ಬಾ, ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಇಟ್ಟಿರುತ್ತೇನೆ, ನಾಳೆ ಬಿಟ್ಟರೆ ಇನ್ನು ನೋಡುತ್ತೇನೆಂದರೂ ಇಲ್ಲ ಎಂದೆ. ಅಪ್ಪ ಸೇದುತ್ತಿದ್ದ ಬೀಡಿಯನ್ನು ಆರಿಸಿದ. ಆಮೇಲೆ ಮೆಲ್ಲಗೆ ಹೇಳಿದ.

“ಕೊನೇ ಆಟ ಅಂತೀಯ. ನಾನು ಬಂದು ಅದರಲ್ಲೂ ಗೋಲ್ ಇಲ್ಲ ಅಂತ ಆದ್ರೆ ನಂಗೆ ನಿದ್ದೆ ಬರ್ತದಾ? ಬೇಡ ಪುಟ್ಟಿ.”

ಮರುದಿನ ಅರ್ಧ ಊರೇ ಬಂದಿತ್ತು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ. ಅಲ್ಲಿ ಕೂರಲು ಬಂದವರನ್ನೆಲ್ಲ ಅಮ್ಮ ಎಬ್ಬಿಸಿ ಕಳಿಸುತ್ತಿದ್ದಳು. ತುಂತುರು ಮಳೆ ಹಿಡಿದಿತ್ತು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ಕಂಡಕ್ಟರ್ ಇಳಿದು ಸೀಟಿ ಊದಿದ, ಬಸ್ಸು ಹಿಂದೆ ಹಿಂದೆ ಬಂದು ಬೇಲಿಗೆ ಬೆನ್ನು ಕೊಟ್ಟು ನಿಂತಿತು. ಕಂಡಕ್ಟರ್ ಚಾ ಕುಡಿಯಲು ರಸ್ತೆ ದಾಟಿದ. ಅಪ್ಪ ಇಳಿಯಲಿಲ್ಲ. ಕಿಟಕಿಯಿಂದ ಆ ಕೈ ಬಂತು, ಕನ್ನಡಿ ಒರೆಸಿತು, ಒಳಗೆ ಹೋಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲೇ, ಎಡಗಡೆಯಿಂದ ಗಾಳಿಯಲ್ಲಿ ಬಂದ ಚೆಂಡನ್ನು ನೆಲಕ್ಕೆ ಬೀಳಲು ಬಿಡದೆ ಬಲಗಾಲಲ್ಲಿ ಬೀಸಿ ಒದ್ದೆ. ಕಂಬದ ಬುಡದಲ್ಲಿ ಒಳಗೆ ಹೋಯಿತು. ಜನ ಕೂಗುತ್ತಿದ್ದರು, ಹುಡುಗಿಯರು ನನ್ನ ಕಡೆ ಓಡಿ ಬರುತ್ತಿದ್ದರು. ನಾನು ಅವರನ್ನು ತಪ್ಪಿಸಿಕೊಂಡು ಸೀದಾ ಗೇಟಿನಿಂದ ಹೊರಗೆ ಓಡಿದೆ. ಎಲ್ಲಿಗೇ ಎಂದು ಮೇಷ್ಟ್ರು ಹಿಂದಿನಿಂದ ಸೀಟಿ ಊದುತ್ತಿದ್ದರು. ಅಪ್ಪನನ್ನು ರಟ್ಟೆ ಹಿಡಿದು ಎಳೆದು ತರಬೇಕೆಂದೇ ಹೊರಟಿದ್ದೆ. ಕೆಸರು ಬೂಟಿನಲ್ಲೇ ಬಸ್ಸು ಹತ್ತಿ, ಡ್ರೈವರ್ ಸೀಟಿನ ಪಕ್ಕಕ್ಕೆ ಹೋಗಿ ನಿಂತೆ.

ಅಪ್ಪ ಟವೆಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ.

“ಎಂಥಾ ಗೋಲ್ ಮಾರಾಯ್ತಿ,” ಅಂದ. “ನೆಲಕ್ಕೆ ಬೀಳೋಕೆ ಬಿಡದೆ, ಎಡಗಾಲಲ್ಲಿ ಬೀಸಿ ಹೊಡ್ದೆ.”

ಯಾರು ಹೇಳಿದರು ಎಂದು ಕೇಳಲು ಬಾಯಿ ತೆರೆದೆ. ಹೇಳಲು ಬಸ್ಸಿನಲ್ಲಿ ಯಾರಿದ್ದರು? ಜನರೆಲ್ಲ ಇಳಿದು ಬೇಲಿಯ ಹತ್ತಿರ ನಿಂತಿದ್ದರು. ಆಗ ನನ್ನ ಕಣ್ಣು ಕಿಟಕಿಯ ಆಚೆಗಿದ್ದ ಕನ್ನಡಿಯ ಮೇಲೆ ಬಿತ್ತು. ಅದರಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಇಡೀ ಮೈದಾನ ಕಾಣುತ್ತಿತ್ತು. ಗೋಲು, ಹುಡುಗಿಯರು, ಸೊಂಟಕ್ಕೆ ಕೈಕೊಟ್ಟು ನಿಂತ ಮೇಷ್ಟ್ರು, ಅಮ್ಮ, ಅಮ್ಮನ ಪಕ್ಕದ ಖಾಲಿ ಕುರ್ಚಿ. ಎಲ್ಲ ಎಡಬಲ ಅದಲುಬದಲಾಗಿ. ನನ್ನ ಬೆನ್ನಿನ ನಂಬರು ಹನ್ನೊಂದು, ಅದು ಕನ್ನಡಿಯಲ್ಲೂ ಹನ್ನೊಂದೇ. ಕಾಲು ಮಾತ್ರ ಎಡದ್ದಾಗುತ್ತದೆ.

ನಾನು ನೋಡಿದ್ದನ್ನು ಅಪ್ಪ ನೋಡಿದ. ಕದ್ದು ಬೆಲ್ಲ ತಿಂದವನ ಹಾಗೆ ಮುಖ ಮಾಡಿಕೊಂಡ.

“ಕನ್ನಡೀಲಿ ನೋಡಿದ್ರೆ ಕಣ್ಣು ತಾಗಲ್ಲ ಅಲ್ದಾ,” ಅಂದ. “ಶುರುವಿಂದ ಹಂಗೇ ನೋಡಿದ್ದು. ಇಲ್ಲಿ ಆಡಿದ್ದು ಒಂದೂ ಬಿಟ್ಟಿಲ್ಲ.”

ನನಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತೆ, ನಗುತ್ತಲೂ ಇದ್ದೆ. ಆಮೇಲೆ ಅಪ್ಪನ ಕೈ ಹಿಡಿದುಕೊಂಡು, ಗೋಲಂತೂ ಆಯಿತಲ್ಲ, ಇನ್ನು ಇಳಿ ಎಂದೆ. ಅಪ್ಪ ಅಭ್ಯಾಸ ಬಲದಿಂದ ಗಡಿಯಾರ ನೋಡಿದ. ಹಿಂದಿನ ಬಸ್ಸು ಬರುವ ಹೊತ್ತು. ಬಂದರೆ ಬರಲಿ ಎಂದು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು ಇಳಿದ.

ಕುರ್ಚಿಯಲ್ಲಿ ಕೂರಲಿಲ್ಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗೆರೆಯ ಪಕ್ಕದಲ್ಲೇ ನಿಂತ, ಅವತ್ತಿನ ಹಾಗೇ. ಆಟ ಮುಗಿಯುವುದರೊಳಗೆ ನನಗೊಂದು ಚೆಂಡು ಸಿಕ್ಕಿತು. ಎದುರಿಗೆ ಕೀಪರ್ ಕೂಡ ಇರಲಿಲ್ಲ. ಅಪ್ಪನ ಕಡೆ ಒಂದು ಸಲ ನೋಡಿ, ಬಲಗಾಲಲ್ಲಿ ಒದ್ದೆ. ಚೆಂಡು ಕಂಬದ ಮೇಲೆ ಹಾರಿ ಬೇಲಿ ದಾಟಿ ಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪ. ಮ್ಯಾಚು ಮುಗಿದು ನಾನು ಹತ್ತಿರ ಹೋದಾಗ ಬೆನ್ನು ತಟ್ಟಿ, ಬಹಳ ತಿಳಿದವನ ಹಾಗೆ ಹೇಳಿದ.

“ಬಲಗಾಲಲ್ಲಿ ಹೊಡೆದ್ರೆ ಮತ್ತೆಂತ ಆಗ್ತದೆ ಪುಟ್ಟಿ? ನಿಂದು ಎಡಗಾಲಲ್ದಾ?”

“ಹೌದಪ್ಪಾ,” ಅಂದೆ. “ಮರೆತೇಹೋಗಿತ್ತು.”